ಕೂಗಿ ನೋಡುವ ಕ್ಯಾಮೆರಾ

ನೋಫಾನನಿಗೆ ಇವತ್ತಿಗೂ ಸಿಟ್ಟಿರುವುದು ನೀರು ಕದ್ದವನ ಮೇಲಲ್ಲ. ತಾನು ಕೈಯಾರೆ ಕೂರಿಸಿದ ಕ್ಯಾಮೆರಾಕ್ಕೆ ಬಾಯಿ ಬರಿಸಿದ ದೊಡ್ಡ ಮನುಷ್ಯರ ಮೇಲೆ. ಕಳ್ಳ ಕದ್ದ, ಅದು ಅವನ ಹಣೆಬರಹ. ಆದರೆ ಕ್ಯಾಮೆರಾ ಎನ್ನುವುದು ಒಂದು ಮೂಲೆಯಲ್ಲಿ ಸುಮ್ಮನೆ ಕೂತು ನೋಡುವ ವಸ್ತು. "ಮೊದಲು ಕೂಗು, ಆಮೇಲೆ ನೋಡು" ಎಂದು ಅದಕ್ಕೆ ಮರ್ಯಾದೆ ಕಲಿಸಲು ಹೊರಟವರನ್ನು ನೆನೆದರೆ ಅವನು ಈಗಲೂ ಕೈಯಲ್ಲಿರುವ ಸ್ಕ್ರೂವನ್ನು ಒಂದು ಸುತ್ತು ಹೆಚ್ಚಿಗೆ ಬಿಗಿಯುತ್ತಾನೆ.

ಸಲ್ತ್ ಊರು ಗುಡ್ಡದ ಮೈಗೆ ಅಂಟಿಕೊಂಡಿದೆ. ಒಬ್ಬನ ಮಾಳಿಗೆ ಮೇಲಿನವನ ಅಂಗಳದ ಅಂಚಿಗೆ ತಾಗುತ್ತದೆ. ಮೇಲಿನ ಮನೆಯವಳು ಬಟ್ಟೆ ಹಿಂಡಿದರೆ ಕೆಳಗಿನ ಮನೆಯವನ ಚಹಾ ತೆಳ್ಳಗಾಗುತ್ತದೆ. ಹಾಗಾಗಿ ಗಂಡಸು ಮಾಳಿಗೆ ಹತ್ತುವ ಮೊದಲು "ಯಾ ಸಾತಿರ್!" ಎಂದು ಕೂಗಲೇಬೇಕು. ಮಾನ ಕಾಯುವವನೇ ಎಂದು ದೇವರನ್ನು ಕರೆದ ಹಾಗೂ ಆಯಿತು, ತಲೆಗೆ ಬಟ್ಟೆ ಎಳೆದುಕೊಳ್ಳಿ ಎಂದು ಸುತ್ತಲಿನ ಹೆಂಗಸರಿಗೆ ಹೇಳಿದ ಹಾಗೂ ಆಯಿತು. ಮೇಲೆ ಮೊದಲೇ ಯಾರಾದರೂ ಗಂಡಸಿದ್ದರೆ "ದಯಮಾಡ್ಸು, ಬಾ" ಎಂದು ಉತ್ತರ ಕೊಡಬೇಕು. ಕೊಡದಿದ್ದರೆ ಅವನ ಹೆತ್ತವರಿಗೆ ಮಾತು ಬರುತ್ತದೆ.

ನೋಫಾನ್ ಆರನೇ ತರಗತಿಗೇ ಶಾಲೆ ಬಿಟ್ಟವನು. ಮೇಷ್ಟರು ಕೋಲಿನಲ್ಲಿ ಹೊಡೆದರು. ಇವನು ಕೋಲು ಕಿತ್ತು ಮುರಿದು, ಎರಡು ತುಂಡನ್ನೂ ಮೇಜಿನ ಮೇಲೆ ಒಪ್ಪವಾಗಿ ಜೋಡಿಸಿಟ್ಟು ಮನೆಗೆ ಬಂದ. ಮಾವನ ಜೊತೆ ಡಿಶ್ ಆಂಟೆನಾ ಕೂರಿಸುವ ಕೆಲಸಕ್ಕೆ ಹೋದ. ಮೇಲೆ ಇವನು ತಟ್ಟೆ ತಿರುಗಿಸಬೇಕು, ಕೆಳಗೆ ಟಿವಿ ಮುಂದೆ ಕೂತವರು "ಬಂತು!", "ಅಯ್ಯೋ ಹೋಯ್ತು!" ಎಂದು ಬಾಯಿ ಬಡಿದುಕೊಳ್ಳಬೇಕು. ಒಂದೊಂದು ಮಾಳಿಗೆ ಹತ್ತುವಾಗಲೂ "ಯಾ ಸಾತಿರ್!" ಕೂಗಿ ಕೂಗಿ ಅವನ ಗಂಟಲು ತಮಟೆಯಾಯಿತು. ಗುಡ್ಡದ ಈ ಮಗ್ಗುಲಲ್ಲಿ ಅವನು ಕೂಗಿದರೆ ಆ ಮಗ್ಗುಲಿನ ಹೆಂಗಸರು ತಲೆ ಮುಚ್ಚಿಕೊಳ್ಳುತ್ತಿದ್ದರು.

ಡಿಶ್ಶಿನ ಕಾಲ ಹೋಗಿ ಕ್ಯಾಮೆರಾದ ಕಾಲ ಬಂದಾಗ ಏಣಿ ಅದೇ ಉಳಿಯಿತು, ಕಸುಬು ಬದಲಾಯಿತು. ಸಿಟ್ಟು ಮೂಗಿನ ತುದಿಯಲ್ಲೇ ಇದ್ದರೂ ಕೆಲಸದಲ್ಲಿ ಅವನಿಗೆ ದೇವರಿಗಿಂತ ಹೆಚ್ಚು ತಾಳ್ಮೆ. ಅಗ್ಗದ ವೈರು ತಂದವನನ್ನು ಅಂಗಡಿ ಮೆಟ್ಟಿಲು ಹತ್ತಲು ಬಿಡುತ್ತಿರಲಿಲ್ಲ. "ಮೇಲೆ ತಾಮ್ರ ಬಳ್ದು ಒಳಗೆ ಅಲ್ಯುಮಿನಿಯಂ ತುಂಬಿರೋ ವೈರು ಇದು. ಚಳಿಗಾಲದಲ್ಲಿ ಮುರೀತದೆ, ಆಮೇಲೆ ನೀನು ಬಂದು ನೋಫಾನನ ಕ್ಯಾಮೆರಾ ಕುರುಡು ಅಂತ ಊರೆಲ್ಲ ಸಾರ್ತೀಯ. ತಗೊಂಡೋಗು, ಅದ್ರಲ್ಲಿ ಬಟ್ಟೆ ಒಣಹಾಕು!"

ಹಜ್ ಮುಗಿಸಿ ಬಂದ ಹಜ್ಜಾ ತಮಾಮ್ ಅವನನ್ನು ಕರೆಸಿದ್ದು ನೀರಿನ ವಿಷಯಕ್ಕೆ. ಪುಟ್ಟ ಬದನೆಕಾಯಿಗೆ ಅಕ್ರೋಟು ತುಂಬಿ ಎಣ್ಣೆಯಲ್ಲಿ ಮುಳುಗಿಸಿ ಮಾರುವ ಗಟ್ಟಿ ಹೆಂಗಸು ಆಕೆ. ಊರಿಗೆ ನಲ್ಲಿ ನೀರು ಬರುವುದು ವಾರಕ್ಕೊಮ್ಮೆ, ಆ ಬಡಾವಣೆಗೆ ಮಂಗಳವಾರ. ಮಾಳಿಗೆಯ ಟ್ಯಾಂಕು ತುಂಬಿಕೊಂಡರೆ ಮುಂದಿನ ಮಂಗಳವಾರದವರೆಗೆ ಅದೇ ಗತಿ. ಆಕೆಯದು ಶುಕ್ರವಾರಕ್ಕೇ ಬತ್ತಿಹೋಗುತ್ತಿತ್ತು.

"ಬದನೆಕಾಯಿ ತೊಳೆಯಕ್ಕೂ ಗತಿ ಇಲ್ಲ ಮಗಾ. ಯಾವನೋ ನನ್ನ ನೀರು ಕುಡೀತಾವ್ನೆ."

"ಕಳ್ಳನ್ನ ಆಮೇಲೆ ಬಯ್ಯಿ ಹಜ್ಜಾ, ಮೊದ್ಲು ಟ್ಯಾಂಕನ್ನ ಕೇಳೋಣ" ಎಂದ ನೋಫಾನ್. ನೀರಿನ ಮಟ್ಟಕ್ಕೆ ಸೀಮೆಸುಣ್ಣದ ಗೆರೆ ಎಳೆದ, ಮನೆಯೊಳಗಿನ ನಲ್ಲಿಗಳನ್ನೆಲ್ಲ ಕಟ್ಟಿದ, ಮರುದಿನ ಬಂದು ನೋಡಿದ. ಗೆರೆ ಇದ್ದಲ್ಲೇ, ನೀರು ಮೊಳಕಾಲುದ್ದ ಕೆಳಗೆ. ನೆಲ ಒಣಗಿ ಬಿರಿದಿತ್ತು. ಸೋರಿಕೆಯಲ್ಲ, ಕಳವೇ.

ಆಮೇಲೆ ಕ್ಯಾಮೆರಾ ಕೂರಿಸಿದ. ಬೆಳಗಿನ ಬಿಸಿಲು ಎದುರಿಗೆ ಹೊಡೆಯದ ಹಾಗೆ ಬೆನ್ನು ಪೂರ್ವಕ್ಕೆ ಮಾಡಿದ. ಕೈಗೆ ಸಿಗದಷ್ಟು ಎತ್ತರದಲ್ಲಿ, ಆದರೆ ನೆತ್ತಿ ಮಾತ್ರ ಕಾಣುವಷ್ಟು ಎತ್ತರವೂ ಅಲ್ಲದ ಹಾಗೆ ಮೊಳೆ ಹೊಡೆದ. ಮನೆಯ ಕರೆಂಟು ಲೈನಿನಿಂದ ದೂರಕ್ಕೆ ಬೇರೆ ಪೈಪು ಎಳೆದ, ಜೊತೆಗೆ ಎಳೆದರೆ ಚಿತ್ರದ ತುಂಬ ಇರುವೆ ಹರಿದ ಹಾಗಾಗುತ್ತದೆ ಎಂದು. ಗೋಡೆಯೊಳಗೆ ನುಗ್ಗುವ ಮುಂಚೆ ವೈರನ್ನು ಕೆಳಕ್ಕೆ ಜೋಲುಬಿಟ್ಟು ಆಮೇಲೆ ಮೇಲಕ್ಕೆ ತಿರುಗಿಸಿದ. "ಮಳೆ ನೀರು ವೈರು ಹಿಡ್ಕೊಂಡೇ ಒಳಗೆ ಬರೋದು ಹಜ್ಜಾ. ಹಿಂಗೆ ಹೊಟ್ಟೆ ಬಿಟ್ರೆ ಅಲ್ಲೇ ತೊಟ್ಟಿಕ್ತದೆ." ರೆಕಾರ್ಡರನ್ನು ಟಿವಿ ಪಕ್ಕ ಇಡಲು ಬಿಡಲಿಲ್ಲ, ಕಳ್ಳ ಟಿವಿ ಜೊತೆ ಅದನ್ನೂ ಹೊತ್ತೊಯ್ಯುತ್ತಾನೆ. ಉಪ್ಪಿನಕಾಯಿ ಜಾಡಿಗಳ ಹಿಂದೆ ಅಡಗಿಸಿದ. ಪೆಟ್ಟಿಗೆ ಮುಚ್ಚುವ ಮುನ್ನ ಎಲ್ಲ ಪರೀಕ್ಷೆ ಮಾಡಿ, ಅಕ್ಕಪಕ್ಕದ ಮಾಳಿಗೆಗಳ ಮೇಲೆ ಪರದೆಯಲ್ಲಿ ಕಪ್ಪು ಬಳಿದ. ಟ್ಯಾಂಕು ಬಿಟ್ಟು ಬೇರೇನೂ ಕಾಣದು.

ಕೆಲಸ ಹೂವಿನ ಹಾಗೆ ಮುಗಿಯಿತು. ಆ ವಾರವೇ ಗುಡ್ಡಕ್ಕೆ ಬೆಂಕಿ ಬಿತ್ತು. ಕ್ಯಾಮೆರಾ ಬಂದಿದೆ, ಮಾಳಿಗೆಯ ಮೇಲೆ, ಹಗಲೂ ರಾತ್ರಿ ರೆಪ್ಪೆ ಮಿಟುಕಿಸದೆ ನೋಡುತ್ತದಂತೆ!

ನೋಫಾನನ ಗಮನ ಬೇರೆಡೆಗಿತ್ತು. ಅವನ ಮಗಳು ವಿಸಾಲಳನ್ನು ಕೇಳಲು ಹಾಜಿ ಮಿತ್ಕಾಲನ ಕಡೆಯವರು ಬರುತ್ತಾರೆಂಬ ಗಾಳಿಮಾತು ಹೆಂಗಸರ ಬಾಯಲ್ಲಿ ಓಡಾಡುತ್ತಿತ್ತು. ಹಾಜಿಯ ಮೊಮ್ಮಗ ಫವ್ವಾಜ್ ರೊಟ್ಟಿ ಅಂಗಡಿಯಲ್ಲಿ ಒಲೆ ನೋಡಿಕೊಳ್ಳುವ ಹುಡುಗ. ವಿಸಾಲ್ ದಿನಾ ತಾನೇ ರೊಟ್ಟಿ ತರಲು ಹೋಗುತ್ತಿದ್ದಳು, ಹೋದರೆ ಬೇಗ ಬರುತ್ತಿರಲಿಲ್ಲ. ಹಾಜಿ ಮಿತ್ಕಾಲ್ ಎಂದರೆ ಸಣ್ಣ ಮನುಷ್ಯನಲ್ಲ. ಊರಿನಲ್ಲಿ ಹೆಣ್ಣು ಕೇಳಲಿ, ಜಗಳ ಬಿಡಿಸಲಿ, ಹಿರಿಯರ ದಂಡು ಕಟ್ಟಿಕೊಂಡು ಮುಂದೆ ನಡೆಯುವವನು ಅವನೇ. ಬಂದ ಮನೆಯಲ್ಲಿ ಕಾಫಿ ಕೊಟ್ಟರೆ ಮುಟ್ಟದೆ ಕೆಳಗಿಡುತ್ತಾನೆ. ಬಂದ ಕೆಲಸ ಹೇಳುತ್ತಾನೆ. ಮನೆಯವನು "ಕಾಫಿ ಕುಡೀರಿ, ಕೇಳಿದ್ದು ನಿಮ್ಮದೇ" ಎಂದ ಮೇಲೇ ಬಟ್ಟಲು ತುಟಿಗೆ ಹೋಗುವುದು. ಅಂದ ಮಾತು ಅಂದದ್ದೇ, ಮತ್ತೆ ಹಿಂದಕ್ಕಿಲ್ಲ.

ಗುರುವಾರ ಸಂಜೆ ಆ ದಂಡು ನೋಫಾನನ ಮೆಟ್ಟಿಲು ಹತ್ತಿತು. ಮಗನ ಹೆಸರು ಹಿಡಿದು ಊರು ಅವನನ್ನು ಅಬು ಸುಹೇಲ್, ಹೆಂಡತಿಯನ್ನು ಉಮ್ ಸುಹೇಲ್ ಎನ್ನುತ್ತಿತ್ತು. ಉಮ್ ಸುಹೇಲ್ ಕಿಟಕಿಯಿಂದ ನೋಡಿದವಳೇ ಬೆವೆತುಹೋದಳು.

"ಬಂದ್ರು ಕಣ್ರಿ, ಬಂದ್ರು! ಆ ಎಣ್ಣೆ ಶರ್ಟು ತೆಗೀರಿ. ಸಿಟ್ಟು ಮಾಡ್ಕೋಬೇಡಿ. ಉದ್ದ ಮಾತಾಡ್ಸಬೇಡಿ, ಎಲ್ಲಾದ್ರೂ ಜಗಳ ತೆಗೆದುಬಿಡ್ತೀರ!"

ದಂಡು ಕೂತಿತು. ಕಾಫಿ ಬಂತು. ಹಾಜಿ ಮಿತ್ಕಾಲ್ ಬಟ್ಟಲನ್ನು ಮೆಲ್ಲಗೆ ನೆಲಕ್ಕಿಟ್ಟು ಗಂಟಲು ಸರಿಮಾಡಿಕೊಂಡ. ಆ ಗಂಟಲಿನ ಗಾಂಭೀರ್ಯಕ್ಕೇ ಅರ್ಧ ಸಲ್ತ್ ತಲೆ ಬಾಗುತ್ತದೆ.

"ಅಬು ಸುಹೇಲ್, ನಿನ್ನ ಮನೆ ಮಾನದ ಮನೆ. ನಾವು ಬಂದಿರೋದೂ ಮಾನದ ವಿಷಯಕ್ಕೇ. ನಮ್ಮ ಮನೆ ಹೆಣ್ಣುಮಕ್ಕಳು ಬೇರೆ ಅಲ್ಲ, ನಿನ್ನ ಮನೆ ಹೆಣ್ಣುಮಕ್ಕಳು ಬೇರೆ ಅಲ್ಲ..."

ಒಳಗಿನಿಂದ ಉಮ್ ಸುಹೇಲ್ ಬಾಗಿಲು ಕೆರೆದಳು, ಬೇಗ ಮುಗಿಸಿ ಎಂದು. ನೋಫಾನನಿಗೆ ತಡೆಯಲಾಗಲಿಲ್ಲ. ಇಷ್ಟು ದೊಡ್ಡ ಮನುಷ್ಯನನ್ನು ಕಾಯಿಸುವುದುಂಟೇ? ಎದೆ ಉಬ್ಬಿಸಿ ಕೈಯೆತ್ತಿದ.

"ಸಾಕು ಹಾಜಿ, ನನಗೆ ನಾಚಿಕೆ ಆಗ್ತದೆ. ಕಾಫಿ ಕುಡೀರಿ. ಕೇಳಿದ್ದು ನಿಮ್ಮದೇ!"

ದಂಡಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇಷ್ಟು ಸಲೀಸಾಗಿ ಒಪ್ಪಿಕೊಂಡಾನು ಎಂದು ಯಾರೂ ಎಣಿಸಿರಲಿಲ್ಲ. ಎಲ್ಲರೂ ಗಟಗಟನೆ ಕುಡಿದರು. ಒಳಗೆ ಉಮ್ ಸುಹೇಲ್ ಸಂತೋಷಕ್ಕೆ ಉಲುಲು ಎಂದು ನಾಲಗೆ ಹೊರಳಿಸಿದಳು.

ಹಾಜಿ ಮೀಸೆ ಒರೆಸಿಕೊಂಡ. "ದೇವರು ನಿನ್ನ ಹೆಸರು ಬೆಳಗಲಿ. ನಿಮ್ಮನೇಲಿ ಇಷ್ಟು ಸಂತೋಷ ಪಡ್ತಾರೆ ಅಂತ ಗೊತ್ತಿರಲಿಲ್ಲ. ಹಾಗಾದ್ರೆ ನಾಳೆಯಿಂದಲೇ ಆ ಕ್ಯಾಮೆರಾ ನೋಡೋಕೆ ಮುಂಚೆ ಯಾ ಸಾತಿರ್ ಅಂತ ಕೂಗಲಿ."

"ಯಾವ ಕ್ಯಾಮೆರಾ?"

"ಹಜ್ಜಾ ತಮಾಮಳ ಮಾಳಿಗೇದು. ಕುರುಡನೂ ಮಾಳಿಗೆಗೆ ಹೋಗೋವಾಗ ಕೂಗಿ ಹೋಗ್ತಾನೆ. ನಿನ್ನ ಕ್ಯಾಮೆರಾ ಕುರುಡನಿಗಿಂತ ದೊಡ್ಡದಾ?"

ನೋಫಾನನ ಮುಖ ಕಪ್ಪಿಟ್ಟಿತು. "ಹಾಜಿ, ಅದು ಟ್ಯಾಂಕು ಬಿಟ್ಟು ಏನೂ ನೋಡಲ್ಲ! ಬನ್ನಿ, ಪರದೆ ತೋರಿಸ್ತೀನಿ!"

"ಅದು ಎಲ್ಲಿ ನೋಡ್ತದೆ ಅಂತ ನಿನಗೆ ಗೊತ್ತು. ನಮ್ಮ ಹೆಂಗಸರಿಗೆ ಕಾಣೋದು ಅದರ ಕಣ್ಣು ಮಾತ್ರ."

"ಕೂಗಿದ್ರೆ ಕಳ್ಳ ಓಡಿಹೋಗ್ತಾನಲ್ಲ!"

"ಹೋಗಲಿ ಬಿಡು. ಕಳ್ಳ ಹೋಗೋದೇ ತಾನೆ ನಿಮಗೆ ಬೇಕಿರೋದು?"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಬಟ್ಟಲುಗಳು ಖಾಲಿಯಾಗಿದ್ದವು. ಒಳಗೆ ನಾಲಗೆಯೂ ನಿಂತಿತ್ತು. ಮದುವೆಯ ಮಾತು ಬಂದವರ ಜೊತೆಗೇ ಬಂದು, ಅವರ ಜೊತೆಗೇ ಮೆಟ್ಟಿಲಿಳಿದು ಹೋಯಿತು. ಈಗ ಕೊಟ್ಟ ಮಾತು ಮುರಿದರೆ ಮಗಳ ವಿಷಯವೂ ಮುರಿದು ಬೀಳುತ್ತದೆ. ನೋಫಾನ್ ಹಲ್ಲು ಕಚ್ಚಿ ಏಣಿ ಎತ್ತಿದ.

ಕೂಗಿದ ಮೇಲೆ ಎಷ್ಟು ಹೊತ್ತು ಕಾಯಬೇಕು ಎಂಬುದಕ್ಕೆ ಪಂಚಾಯಿತಿ ನಡೆಯಿತು. ಎಳೆಯ ಹೆಂಗಸರು ಒಂದೇ ಉಸಿರಿಗೆ ತಲೆ ಮುಚ್ಚಿಕೊಳ್ಳುತ್ತಾರೆ, ವಯಸ್ಸಾದವರಿಗೆ ಬಟ್ಟೆ ಎಲ್ಲಿಟ್ಟಿದ್ದೇವೆಂದೇ ನೆನಪಿರುವುದಿಲ್ಲ. ಕೊನೆಗೆ ಹಾಜಿ ಮಿತ್ಕಾಲ್ ತೀರ್ಪು ಕೊಟ್ಟ: ಚಹಾಕ್ಕೆ ಸಕ್ಕರೆ ಹಾಕಿ ಚೆನ್ನಾಗಿ ಕಲಕುವಷ್ಟು ಹೊತ್ತು. "ನೀವು ಎಷ್ಟು ಸಕ್ಕರೆ ಹಾಕ್ಕೊಳ್ತೀರಿ?" ಎಂದು ನೋಫಾನ್ ಕೇಳಿದ್ದು ಕೊಂಕಿಗೆ. ಹಾಜಿ ಅದಕ್ಕೂ ಗಂಭೀರವಾಗಿ "ಜಾಸ್ತಿ" ಎಂದ.

ಮೆಟ್ಟಿಲಿನ ದೀಪಕ್ಕೆ ಹಾಕುವ, ಯಾರಾದರೂ ಅಲ್ಲಾಡಿದರೆ ಎಚ್ಚರಾಗುವ ಸೆನ್ಸರ್ ತಂದ. ಅದಕ್ಕೆ ಸ್ಪೀಕರ್ ಕಟ್ಟಿದ, ಹೊತ್ತು ಅಳೆಯುವ ಟೈಮರ್ ಕಟ್ಟಿದ, ಟೈಮರ್ ಬಾಲಕ್ಕೆ ಕ್ಯಾಮೆರಾದ ಕರೆಂಟು ಕಟ್ಟಿದ. ಮೊದಲು ಕೂಗು, ಆಮೇಲೆ ಸಕ್ಕರೆ, ಆಮೇಲೆ ಕಣ್ಣು. ಕೂಗುವ ದನಿಗೆ ಬೇರೆ ಯಾರೂ ಒಪ್ಪಲಿಲ್ಲ. ತನ್ನದೇ ತಮಟೆ ಗಂಟಲನ್ನು ತುಂಬಿಸಿದ. ದನಿ ಹಿಡಿಯುವ ಮೈಕನ್ನು ಮಾತ್ರ ನೇರ ರೆಕಾರ್ಡರಿಗೇ ಕಟ್ಟಿ ಸದಾ ಎಚ್ಚರವಾಗಿಟ್ಟ. ಕಣ್ಣು ಮುಚ್ಚಬೇಕೆಂದು ಹಿರಿಯರು ಹೇಳಿದ್ದರು. ಕಿವಿಯ ಮಾತನ್ನು ಯಾರೂ ಎತ್ತಿರಲಿಲ್ಲ.

ಮೊದಲ ದಿನ ಮಧ್ಯಾಹ್ನ ಬಿಸಿಲಿಗೆ ತಗಡಿನ ಟ್ಯಾಂಕು ಕಾದು ಸೆನ್ಸರಿಗೆ ಮನುಷ್ಯನ ಹಾಗೆ ಕಂಡಿತು. "ಯಾ ಸಾತಿರ್!" ಗುಡ್ಡದ ತುಂಬ ಹೆಂಗಸರು ತಲೆ ಮುಚ್ಚಿಕೊಂಡರು. ಮೋಡ ಬಂತು, ಹೋಯಿತು. "ಯಾ ಸಾತಿರ್!" ಮತ್ತೆ ಮುಚ್ಚಿಕೊಂಡರು. ಬೆಕ್ಕು ದಾಟಿದರೆ ಕೂಗು, ಪಾರಿವಾಳ ಕೂತರೆ ಕೂಗು, ಹಜ್ಜಾಳ ಒದ್ದೆ ಲಂಗ ಗಾಳಿಗೆ ಹಾರಿದರೆ ಕೂಗು. ನೋಫಾನ್ ಅಂಗಡಿಯಲ್ಲಿ ಕೂತು ತನ್ನ ದನಿ ತಾನಿಲ್ಲದೆ ಮಾಳಿಗೆ ಹತ್ತುವುದನ್ನು ಕೇಳಿಸಿಕೊಳ್ಳುತ್ತಿದ್ದ. ಕಾದ ತಗಡಿಗೆ ಸೆನ್ಸರನ್ನು ಎದುರಿಡಬಾರದೆಂದು ಗೊತ್ತಿದ್ದೂ ಸಿಟ್ಟಿನಲ್ಲಿ ತಪ್ಪಿದ್ದ. ಮತ್ತೆ ಹತ್ತಿ ಅದರ ಮುಖ ತಿರುಗಿಸಿದ. ಹತ್ತುವಾಗ ಅವನೂ ಕೂಗಿದ, ಅವನನ್ನು ಕಂಡು ಅದೂ ಕೂಗಿತು.

ಕೆಳಗಿನ ಅಂಗಳದಿಂದ ಯಾವಳೋ ಚೀರಿದಳು: "ಎಷ್ಟು ಜನ ನೋಫಾನರು ಬಂದ್ರಪ್ಪಾ ಮೇಲೆ?"

ಬೀದಿಯಲ್ಲಿ ಎದುರಾದವರು ಸಲಾಮು ಬಿಟ್ಟು "ಯಾ ಸಾತಿರ್" ಎನ್ನತೊಡಗಿದರು. ಅಂಗಡಿಗೆ ಬರುತ್ತಿದ್ದವರು, "ನಮಗೆ ಮೂಕ ಕ್ಯಾಮೆರಾ ಇದ್ರೆ ಕೊಡು" ಎಂದು ನಕ್ಕರು. ಒಬ್ಬನ ಕಡೆಗೆ ನೋಫಾನ್ ಡ್ರಿಲ್ ಎತ್ತಿಕೊಂಡೇ ಹೋದ. ವಿಸಾಲ್ ಬಾಗಿಲಿಗೆ ಅಡ್ಡ ನಿಂತು, "ಬಾಬಾ, ಸ್ವಲ್ಪ ದಿನ ತಡ್ಕೋ. ಅವರು ಇನ್ನೂ ಬರಬೇಕು" ಎಂದಳು. ನೋಫಾನ್ ಡ್ರಿಲ್ಲನ್ನು ಪೆಟ್ಟಿಗೆಯಲ್ಲಿಟ್ಟ.

ಇಷ್ಟಾದರೂ ಟ್ಯಾಂಕು ಶುಕ್ರವಾರಕ್ಕೆ ಬತ್ತಿತು.

ಹಜ್ಜಾ ಸೊಂಟದ ಮೇಲೆ ಕೈಯಿಟ್ಟು ಕಾಯುತ್ತಿದ್ದಳು. "ನಿನ್ನ ಕ್ಯಾಮೆರಾ ಊರಿಗೆಲ್ಲ ಬುದ್ಧಿ ಹೇಳ್ತು, ಕಳ್ಳನಿಗೊಂದು ಬಿಟ್ಟು."

ನೋಫಾನ್ ಜಾಡಿಗಳ ಹಿಂದಿನಿಂದ ರೆಕಾರ್ಡರ್ ಎಳೆದು ಚಿತ್ರ ಹಾಕಿದ. ಗುರುವಾರ ಮಧ್ಯಾಹ್ನ, ಊಟ ಮಾಡಿ ಊರೆಲ್ಲ ಅಡ್ಡಾಗುವ ಹೊತ್ತು. ಪರದೆಯ ತುಂಬ ಕೆಂಪು ಬಿಳಿ ಚೌಕಳಿ. ಅಷ್ಟೇ. ಕಳ್ಳ ಸಕ್ಕರೆ ಕಲಕುವ ಹೊತ್ತಿನಲ್ಲಿ ತನ್ನ ತಲೆಯ ರುಮಾಲನ್ನು ಬಿಚ್ಚಿ ಗಳುವಿನ ತುದಿಯಿಂದ ಕ್ಯಾಮೆರಾದ ಮುಖಕ್ಕೆ ಹೊದೆಸಿದ್ದ. ಅಂಥ ರುಮಾಲು ಸಲ್ತಿನ ಅರ್ಧ ತಲೆಗಳ ಮೇಲಿದೆ. ನೋಫಾನನ ತಲೆಯ ಮೇಲೂ ಇತ್ತು.

ಆಗ ಅವನು ಹೆಡ್‌ಫೋನು ಕಿವಿಗಿಟ್ಟು ದನಿ ಹಾಕಿದ. ಮೊದಲು ತನ್ನದೇ ಕೂಗು: "ಯಾ ಸಾತಿರ್!"

ಅದರ ಬೆನ್ನಿಗೇ, ಹತ್ತಿರದಿಂದ, ತುಂಬು ಗಾಂಭೀರ್ಯದ ಗಂಟಲು: "ದಯಮಾಡ್ಸು ಅಬು ಸುಹೇಲ್, ಬಾ ಬಾ. ಇಲ್ಲಿ ಹೆಂಗಸರು ಯಾರೂ ಇಲ್ಲ."

ನೋಫಾನ್ ದನಿ ಜೋರು ಮಾಡಿದ. ನೀರಿನ ಕೊಳವೆ ಟ್ಯಾಂಕಿನ ಬಾಯಿಗೆ ತಿಕ್ಕುವ ಸದ್ದು. ಗಂಡಸು ಅಲ್ಲಾಡಿದನೆಂದು ಸೆನ್ಸರ್ ಮತ್ತೆ ಎಚ್ಚರಾಯಿತು. "ಯಾ ಸಾತಿರ್!"

"ಬಾ ಅಂದ್ನಲ್ಲಪ್ಪ!"

ನೀರು ಗುಳುಗುಳು ಇಳಿಯತೊಡಗಿತು. ಮೂರನೆಯ ಸಲ ಕೂಗು. ಈ ಸಲ ಆ ದನಿಗೆ ನಿಜಕ್ಕೂ ಬೇಜಾರಾಗಿತ್ತು: "ಎಂಥ ಮನುಷ್ಯ ಇವನು! ಕರೆದ್ರೆ ಬರಲ್ಲ, ಕೂಗೋದು ಬಿಡಲ್ಲ."

ಹಾಜಿ ಮಿತ್ಕಾಲ್. ಯಂತ್ರವೆಂದು ಅವನಿಗೆ ಗೊತ್ತು, ಕೂಗಲು ಹಚ್ಚಿದವನೇ ಅವನು, ಕಣ್ಣಿಗೆ ರುಮಾಲು ಹೊದೆಸಿದ್ದಾನೆ. ಆದರೂ ಮಾಳಿಗೆಗೆ ಬರುವವನು ಕೂಗಿದಾಗ ಉತ್ತರ ಕೊಡದೆ ಸುಮ್ಮನಿರಲು ಆ ಮನೆತನದ ಬಾಯಿಗೆ ಬರುವುದಿಲ್ಲ.

"ಏನು ಕೇಳಿಸ್ತು?" ಎಂದಳು ಹಜ್ಜಾ.

ನೋಫಾನನ ಬಾಯಿಯ ತನಕ ಬಂತು. ಅಂದುಬಿಟ್ಟರೆ ಸಂಜೆಯೊಳಗೆ ಹಾಜಿಯ ಹೆಸರು ಮಣ್ಣು, ಅದರ ಜೊತೆ ವಿಸಾಲಳ ಮದುವೆಯೂ ಮಣ್ಣು. ನುಂಗಿದರೆ ತನ್ನ ಕ್ಯಾಮೆರಾ ಸೋತಿತೆಂಬ ಅಪವಾದ. ಬಿಸಿ ತುಪ್ಪ, ನುಂಗಲೂ ಆಗದು, ಉಗುಳಲೂ ಆಗದು.

"ಗಾಳಿ" ಎಂದ.

"ಗಾಳಿಗೆ ನಿನ್ನ ಕಿವಿ ಇಷ್ಟು ಕೆಂಪಾಗ್ತದಾ?" ಎಂದಳು ಹಜ್ಜಾ. ಮುಂದೆ ಕೇಳಲಿಲ್ಲ.

ಆದರೆ ಅವನ ಕಾಲು ಮಾತು ಕೇಳಲಿಲ್ಲ. ಎಳೆದುಕೊಂಡು ಹೋಗಿ, ಹಜ್ಜಾಳ ಮನೆಯ ನೇರ ಕೆಳಗಿದ್ದ ಹಾಜಿಯ ಮನೆಯೆದುರು ನಿಲ್ಲಿಸಿತು. ಒಳಗೆ ಎಂದಿನಂತೆ ಜನ ತುಂಬಿದ್ದರು. ಎರಡು ಮನೆಯ ಜಗಳ ಬಿಡಿಸಿ, ಕುರಿಮಾಂಸ ಅನ್ನದ ಮನ್ಸಫ್ ಉಂಡು, ಸಾಲಾಗಿ ನಿಂತು ಕೈ ತೊಳೆಯುತ್ತಿದ್ದರು. ಮುಂದೆ ಬಂದ ಬಂದವನ ಕೈಗೆ ಹಾಜಿಯ ಮಗ ತಂಬಿಗೆಯಿಂದ ಧಾರೆಯಾಗಿ ಸುರಿಯುತ್ತಿದ್ದ. ವಾರದ ನೀರು ಈ ಮನೆಗೆ ಎಲ್ಲಿ ಸಾಲುತ್ತದೆ ಎಂದು ಯಾರೂ ಯೋಚಿಸಿರಲಿಲ್ಲ. ನೋಫಾನ್ ನೋಡಿದ. ಅರ್ಥವಾಯಿತು. ಸಿಟ್ಟು ಮಾತ್ರ ಇಳಿಯಲಿಲ್ಲ.

ಅವನಿಗೆ ಕಾಫಿ ಬಂತು. ಎಲ್ಲರ ಕಣ್ಣೆದುರು ಬಟ್ಟಲನ್ನು ಮುಟ್ಟದೆ ನೆಲಕ್ಕಿಟ್ಟ.

ಹಾಜಿಯ ಕಣ್ಣು ಬಟ್ಟಲಿನಿಂದ ನೋಫಾನನ ಮುಖಕ್ಕೆ ಹೋಯಿತು, ಅಲ್ಲಿಂದ ಅವನ ಕೆಂಪು ಕಿವಿಗೆ.

"ಹಾಜಿ," ಎಂದು ಶುರುಮಾಡಿದ ನೋಫಾನ್, "ಗುರುವಾರ ಮಧ್ಯಾಹ್ನ ಊರು ಮಲಗಿದ್ದಾಗ..."

"ಸಾಕು ಅಬು ಸುಹೇಲ್, ನನಗೆ ನಾಚಿಕೆ ಆಗ್ತದೆ!" ಹಾಜಿ ಎದ್ದೇ ನಿಂತ. "ಕಾಫಿ ಕುಡಿ. ಕೇಳಿದ್ದು ನಿನ್ನದೇ!"

ಏನು ಕೇಳಿದ ಎಂದು ನೆಂಟರು ತಲೆ ಕೆರೆದುಕೊಂಡರು. ನೋಫಾನ್ ಬಟ್ಟಲೆತ್ತಿ ಒಂದೇ ಗುಟುಕಿಗೆ ಕುಡಿದ. ಈಗ ಏನು ಬೇಕಾದರೂ ಕೇಳಬಹುದಿತ್ತು. ಗಂಟಲಿನಲ್ಲಿ ಕಳ್ಳ ಎಂಬ ಮಾತು ಕುದಿಯುತ್ತಿತ್ತು. ಬಾಗಿಲ ಬಳಿ ಫವ್ವಾಜ್ ರೊಟ್ಟಿಯ ತಟ್ಟೆ ಹಿಡಿದು, ಹಿಟ್ಟು ಮೆತ್ತಿದ ಮೀಸೆಯಲ್ಲಿ, ತನ್ನ ಹಣೆಬರಹ ಇವನ ಬಾಯಲ್ಲೇ ಇದೆ ಎಂಬಂತೆ ನಿಂತಿದ್ದ.

"ನನ್ನ ಕ್ಯಾಮೆರಾದ ಬಾಯಿ ಮುಚ್ಚಿಸಬೇಕು" ಎಂದ ನೋಫಾನ್. "ಟ್ಯಾಂಕು ಮಾತ್ರ ಕಾಣೋ ಹಾಗೆ ತಗಡಿನ ಮರೆ ಹಾಕ್ತೀನಿ. ಮೊದಲ ದಿನವೇ ಹೇಳಿದ್ದೆ."

"ಆಯ್ತು."

"ಹಜ್ಜಾ ತಮಾಮಳ ಟ್ಯಾಂಕು ತುಂಬಿಸಿ ಕೊಡಬೇಕು. ನಿಮ್ಮ ನೀರಿಂದ."

"ಅದೂ ಆಯ್ತು. ಮುಂದಿನ ಸರದಿಗೆ, ದೇವರ ಇಚ್ಛೆಯಿದ್ರೆ."

ಮುದುಕ ನೆಂಟನೊಬ್ಬ ಕಣ್ಣೊರೆಸಿಕೊಂಡ. "ನೋಡಿದ್ರಾ ಹಾಜಿ ಮಿತ್ಕಾಲನ್ನ! ಕಳ್ಳ ಯಾರೋ, ನೀರು ತುಂಬಿಸೋನು ಇವನು!" ಹೊಗಳಿಕೆ ಕೋಣೆ ತುಂಬಿತು. ಆ ಸಂಜೆಯೊಳಗೆ ಗುಡ್ಡದ ತುಂಬ ಹರಡಿತು. ಹಾಜಿಯ ಹೆಸರು ಮೊದಲಿಗಿಂತ ದೊಡ್ಡದಾಯಿತು. ಇದನ್ನು ಕೇಳಿದಾಗ ನೋಫಾನ್ ವೈರಿನ ಸುರುಳಿಯೊಂದನ್ನು ಬೀದಿಗೆಸೆದ. ಆಮೇಲೆ ಅಸಲಿ ತಾಮ್ರವೆಂದು ನೆನಪಾಗಿ ತಾನೇ ಹೋಗಿ ಎತ್ತಿಕೊಂಡು ಬಂದ.

ಕ್ಯಾಮೆರಾದ ಬಾಯಿ ಬಿಚ್ಚಿ ಕೆಳಗಿಳಿಸಿ, ತಗಡಿನ ಮರೆ ಹಾಕಿದ. ಮುಂದಿನ ಗುರುವಾರ ದಂಡು ಮತ್ತೆ ಅವನ ಮೆಟ್ಟಿಲು ಹತ್ತಿತು. ಈ ಸಲ ನೋಫಾನ್ ಹಾಜಿಯ ಮಾತನ್ನು ಕೊನೆಯ ಅಕ್ಷರದವರೆಗೂ ಕೇಳಿದ. ಮುಗಿದ ಮೇಲೂ ಕಾಯಿಸಿದ. ಕಾಫಿ ತಣ್ಣಗಾಗುವಷ್ಟು ಕಾಯಿಸಿದ. "ಏನು, ಸಕ್ಕರೆ ಕಲಕ್ತಾ ಇದೀಯಾ?" ಎಂದು ಹಾಜಿಯೇ ಪಿಸುಗುಟ್ಟಿದಾಗ "ಜಾಸ್ತಿ ಹಾಕಿದೀನಿ" ಎಂದು, ಆಮೇಲೆ ಕುಡಿಯಲು ಹೇಳಿದ. ಒಳಗೆ ಉಮ್ ಸುಹೇಲ್ ಈ ಬಾರಿ ಪೂರ್ತಿ ಖಾತ್ರಿಯಾಗುವ ತನಕ ನಾಲಗೆ ಹಿಡಿದುಕೊಂಡೇ ಇದ್ದಳು.

ಮದುವೆಯೂ ಆಯಿತು. ಟ್ಯಾಂಕಿನ ಕಡೆಗೆ ಮತ್ತೆ ಯಾರೂ ಸುಳಿಯಲಿಲ್ಲ. ಮುಂದಿನ ಸರದಿ ಮಾತ್ರ ಮುಂದೆಯೇ ಉಳಿಯಿತು. ಒಂದು ಮಂಗಳವಾರ ಹಾಜಿಯ ಮನೆಗೆ ನೆಂಟರು, ಇನ್ನೊಂದು ಮಂಗಳವಾರ ಸಂಧಾನ, ಮತ್ತೊಂದಕ್ಕೆ ಮೊಮ್ಮಗನ ಮಗುವಿನ ಹೆಸರಿಡುವ ಊಟ. ಆ ಮಗು ನೋಫಾನನ ಮೊಮ್ಮಗು ಕೂಡ, ಅಲ್ಲಿ ಅವನೇ ಕೈ ತೊಳೆಯಲು ಸಾಲಿನಲ್ಲಿ ನಿಂತ. ಬೀಗನನ್ನು ನೀರು ಕೇಳುವುದು ಹೇಗೆ?

ಹಜ್ಜಾ ತಮಾಮ್ ಯಾರನ್ನೂ ಏನೂ ಕೇಳುವುದಿಲ್ಲ. ನೀರು ಬರುವ ದಿನ ಮಾಳಿಗೆ ಹತ್ತಿ, ಬಾಗಿ, ಟ್ಯಾಂಕಿನ ಖಾಲಿ ಹೊಟ್ಟೆಗೆ ಬೆರಳ ಗೆಣ್ಣಿನಿಂದ ಠಣ್ ಠಣ್ ಎಂದು ಬಡಿಯುತ್ತಾಳೆ. ಆ ಸದ್ದು ನೇರ ಕೆಳಗಿನ ಹಾಜಿಯ ಅಂಗಳಕ್ಕೆ ಇಳಿಯುತ್ತದೆ. ಅಲ್ಲಿಂದ ತುಂಬು ಗಾಂಭೀರ್ಯದ ಗಂಟಲು, ಒಂದು ಸಲವೂ ತಪ್ಪದೆ, ಉತ್ತರ ಕೊಡುತ್ತದೆ:

"ದಯಮಾಡಿಸಿ ಹಜ್ಜಾ, ದಯಮಾಡಿಸಿ!"